ಟ್ಯಾಂಕಿಗೆ ಮೊದಲು ಮುಚ್ಚಳ, ಆಮೇಲೆ ಬ್ರಷ್ಷು

ಹಾಲಿನ ಪಾತ್ರೆಗೆ ತಟ್ಟೆ ಮುಚ್ಚದೆ ಮಲಗುವ ಮನೆ ನಮ್ಮಲ್ಲಿ ಸಿಗುವುದಿಲ್ಲ. ಕುಡಿಯುವ ನೀರಿನ ಬಿಂದಿಗೆಯ ಬಾಯಿಗೂ ಯಾರೂ ಹೇಳದೆಯೇ ಒಂದು ಲೋಟ ಕವುಚಿಕೊಳ್ಳುತ್ತದೆ. ಅದೇ ಮನೆಯ ಬಚ್ಚಲ ಮೇಲಿನ ಅಟ್ಟದಲ್ಲಿ ಐನೂರು ಲೀಟರು ನೀರು ಓರೆಯಾದ ಮುಚ್ಚಳದಡಿ ವರ್ಷಗಟ್ಟಲೆ ನಿಂತಿರುತ್ತದೆ. ಹಲ್ಲುಜ್ಜುವುದು, ಅಕ್ಕಿ ತೊಳೆಯುವುದು, ಮಗುವಿಗೆ ಸ್ನಾನ ಮಾಡಿಸುವುದು ಎಲ್ಲವೂ ಆ ನೀರಿನಲ್ಲೇ. ಕಣ್ಣಿಗೆ ಬೀಳದ ಜಾಗದಲ್ಲಿರುವುದರಿಂದ ಅದು ಅಡುಗೆಮನೆಯ ಪಾತ್ರೆಗಳ ಲೆಕ್ಕಕ್ಕೆ ಬರುವುದಿಲ್ಲ. ಬರಬೇಕು ಎಂಬುದೇ ಈ ಲೇಖನದ ವಾದ.

ಟ್ಯಾಂಕು ಶುಚಿಯಾಗಿರಬೇಕು ಎಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ತೊಳೆಯುವುದು. ವರ್ಷಕ್ಕೊಮ್ಮೆ ಆಳು ಕರೆಸಿ, ಉಜ್ಜಿಸಿ, ನೀರು ತುಂಬಿಸಿದರೆ ಕೆಲಸ ಮುಗಿಯಿತು ಎಂಬ ಸಮಾಧಾನ. ಆದರೆ ಮುಚ್ಚಳ ಕೂರದ ಟ್ಯಾಂಕನ್ನು ತೊಳೆದರೆ ಅದು ಶುದ್ಧವಾಗಿರುವುದು ಕೆಲವೇ ದಿನ. ಮುಚ್ಚಳ ಭದ್ರವಾಗಿದ್ದು, ತೂತುಗಳಿಗೆಲ್ಲ ಜಾಲರಿ ಇದ್ದರೆ ಒಳಗಿನ ಕೊಳೆ ಅರ್ಧಕ್ಕರ್ಧ ಕಡಿಮೆ. ಆದ್ದರಿಂದ ಮೊದಲು ಮುಚ್ಚಳದ ಮಾತು, ತೊಳೆಯುವ ಮಾತು ಆಮೇಲೆ.

ನೀರು ಮನೆಗೆ ಬರುವ ಹೊತ್ತಿಗೆ

ನಮ್ಮ ಊರುಗಳಲ್ಲಿ ಟ್ಯಾಂಕು ಬೇಕಾಗಿರುವುದೇ ನಲ್ಲಿಯಲ್ಲಿ ದಿನವಿಡೀ ನೀರು ಬಾರದಿರುವುದರಿಂದ. ಬೆಂಗಳೂರಿನ ಬಹುಪಾಲು ಬಡಾವಣೆಗಳಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಹುಬ್ಬಳ್ಳಿ-ಧಾರವಾಡದಲ್ಲಿ ವಾರಗಟ್ಟಲೆ ಕಾದು ನೀರು ಹಿಡಿದ ಕುಟುಂಬಗಳು ಅದೆಷ್ಟೋ. ಬಂದಾಗ ಹಿಡಿದಿಟ್ಟುಕೊಳ್ಳುವುದು ಅನಿವಾರ್ಯವಾದ್ದರಿಂದ ಸಂಪು, ಟ್ಯಾಂಕು, ಡ್ರಮ್ಮು, ಬಾನಿ ಎಂದು ಮನೆ ತುಂಬ ನೀರು ನಿಲ್ಲುತ್ತದೆ.

ಬೆಂಗಳೂರಿಗೆ ಬರುವ ನೀರು ಸುಮಾರು 100 ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಯ ಪಂಪುಗಳನ್ನು ದಾಟಿ ಬರುತ್ತದೆ. ಅಷ್ಟು ದೂರ ಅದನ್ನು ಕಾಯುವುದು ಅದರಲ್ಲಿ ಉಳಿದಿರುವ ಕ್ಲೋರಿನ್. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ರೂಪಿಸಿದ ಐಎಸ್ 10500 ಪ್ರಕಾರ ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕು. ಬೀದಿಯ ಮೀಟರು ದಾಟಿ ನಮ್ಮ ಸಂಪಿಗೆ ಬಿದ್ದ ಗಳಿಗೆಯಿಂದ ಅದು ಕರಗತೊಡಗುತ್ತದೆ. ತಳದಲ್ಲಿ ಕೆಸರಿದ್ದರೆ, ಗೋಡೆಗೆ ಲೋಳೆ ಅಂಟಿದ್ದರೆ, ನೀರು ಬಿಸಿಯಾಗಿದ್ದರೆ ಇನ್ನೂ ಬೇಗ ಖಾಲಿಯಾಗುತ್ತದೆ. ಸಂಪಿನಲ್ಲಿ ಎರಡು ದಿನ, ಮೇಲಿನ ಟ್ಯಾಂಕಿನಲ್ಲಿ ಎರಡು ದಿನ ನಿಂತ ನೀರಿಗೆ ರಕ್ಷಣೆಯೇನೂ ಉಳಿದಿರುವುದಿಲ್ಲ. ಜಲಮಂಡಲಿಯ ಹೊಣೆ ಗೇಟಿನ ತನಕ, ಅಲ್ಲಿಂದಾಚೆಗೆ ಮನೆಯವರದ್ದೇ. ಕೊಳವೆಬಾವಿಯ ನೀರಿಗೂ ಟ್ಯಾಂಕರ್ ನೀರಿಗೂ ಸಾಮಾನ್ಯವಾಗಿ ಆ ಕ್ಲೋರಿನ್ನೂ ಇರುವುದಿಲ್ಲ.

ಮುಚ್ಚಳ ಯಾಕೆ ಕೂರುವುದಿಲ್ಲ

ಪ್ಲಾಸ್ಟಿಕ್ ಟ್ಯಾಂಕು ಕೊಂಡಾಗ ಮುಚ್ಚಳ ಸರಿಯಾಗಿಯೇ ಇರುತ್ತದೆ. ಅದನ್ನು ಕೆಡಿಸುವ ಕಾರಣಗಳಲ್ಲಿ ಮೊದಲನೆಯದು ವೈರು. ಮೋಟಾರು ತಾನಾಗಿ ಆನ್ ಆಫ್ ಆಗಲಿ ಎಂದು ಸೆನ್ಸರ್ ಹಾಕಿಸುತ್ತೇವೆ. ಹಾಕಲು ಬಂದವರು ಅದರ ವೈರನ್ನು ಟ್ಯಾಂಕಿನ ಬಾಯಿಯಿಂದಲೇ ಒಳಗೆ ಇಳಿಬಿಟ್ಟು ಮೇಲೆ ಮುಚ್ಚಳ ಇಟ್ಟು ಹೋಗುತ್ತಾರೆ. ಅಂದಿನಿಂದ ಮುಚ್ಚಳ ತಿರುಗಿಸಿ ಬಿಗಿಮಾಡಲು ಆಗುವುದಿಲ್ಲ. ಒಂದು ಬದಿ ಬೆರಳಗಲ ಎದ್ದೇ ಇರುತ್ತದೆ. ಪರಿಹಾರ ಸುಲಭ. ಟ್ಯಾಂಕಿನ ಭುಜದಲ್ಲಿ ವೈರಿನಷ್ಟೇ ದಪ್ಪದ ತೂತು ಕೊರೆಸಿ, ರಬ್ಬರ್ ಬುಷ್ ಅಥವಾ ಕೇಬಲ್ ಗ್ಲ್ಯಾಂಡ್ ಕೂರಿಸಿ ಅದರ ಮೂಲಕ ವೈರು ಇಳಿಸಬೇಕು. ಸೆನ್ಸರ್ ಹಾಕಿಸುವ ದಿನವೇ ನಿಂತು ಮಾಡಿಸಿಕೊಳ್ಳಿ. ಟ್ಯಾಂಕರ್ ನೀರು ತುಂಬಿಸುವ ಹೋಸು ಪೈಪಿನದೂ ಇದೇ ಕಥೆ: ಕೆಲಸ ಮುಗಿದ ಮೇಲೂ ಅದು ಬಾಯಲ್ಲೇ ಸಿಕ್ಕಿಕೊಂಡಿರುತ್ತದೆ.

ಎರಡನೆಯ ಕಾರಣ ಕಲ್ಲು. ಗಾಳಿಗೆ ಹಾರದಿರಲಿ ಎಂದು ಮುಚ್ಚಳದ ನಡುವೆ ಸೈಜುಗಲ್ಲನ್ನೋ ಇಟ್ಟಿಗೆಯನ್ನೋ ಹೇರುವುದು ವಾಡಿಕೆ. ಬಿಸಿಲಿಗೆ ಮೆತ್ತಗಾದ ಪ್ಲಾಸ್ಟಿಕ್ ಆ ಭಾರಕ್ಕೆ ತಗ್ಗಾಗಿ ಕುಸಿಯುತ್ತದೆ, ಅಂಚು ಮೇಲೇಳುತ್ತದೆ. ತಗ್ಗಿನಲ್ಲಿ ಮಳೆನೀರು ನಿಂತು ಮುಚ್ಚಳದ ಮೇಲೆಯೇ ಸೊಳ್ಳೆ ಮರಿ ಆಗುತ್ತವೆ. ಕಲ್ಲು ತೆಗೆಯಿರಿ. ಮುಚ್ಚಳದಲ್ಲೂ ಟ್ಯಾಂಕಿನ ಕತ್ತಿನಲ್ಲೂ ಬೀಗಕ್ಕೆಂದೇ ಕಿವಿಗಳಿರುತ್ತವೆ. ಅವುಗಳಿಗೆ ತಂತಿ ಬಿಗಿದರೂ ಸಾಕು. ಕೋತಿಗಳಿರುವ ಊರಿನಲ್ಲಿ ತಂತಿ ಸಾಲದು, ಬೀಗವೇ ಬೇಕು. ಬೇಸಿಗೆಯಲ್ಲಿ ನೀರಿನ ವಾಸನೆ ಹಿಡಿದು ಮುಚ್ಚಳ ಕಿತ್ತೆಸೆದು ಟ್ಯಾಂಕಿಗೆ ಇಳಿಯುವ ಕೋತಿಗಳ ಕಾಟ ಮಲೆನಾಡಿನವರಿಗೆ ಹೊಸದಲ್ಲ.

ಒಡೆದ ಮುಚ್ಚಳಕ್ಕಾಗಿ ಇಡೀ ಟ್ಯಾಂಕು ಬದಲಿಸಬೇಕಿಲ್ಲ. ಮುಚ್ಚಳ ಬಿಡಿಯಾಗಿ ಸಿಗುತ್ತದೆ. ಬಾಯಿಯ ಅಗಲ ಅಳೆದುಕೊಂಡು, ಟ್ಯಾಂಕಿನ ಕಂಪನಿ ಹೆಸರು, ಎಷ್ಟು ಲೀಟರಿನದು ಎಂದು ಬರೆದುಕೊಂಡು, ಕತ್ತಿನ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ತಿರುಪಿನ ಮುಚ್ಚಳವೋ ಒತ್ತಿ ಕೂರಿಸುವುದೋ ಎಂಬುದು ಫೋಟೊದಲ್ಲಿ ತಿಳಿಯುತ್ತದೆ. ಹೊಸದು ಸಿಗುವವರೆಗೆ ಒತ್ತಾದ ಹತ್ತಿಬಟ್ಟೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಹಗ್ಗ ಕಟ್ಟಬಹುದು. ಬಟ್ಟೆ ಜೋತು ನೀರು ಮುಟ್ಟಬಾರದು. ಮುಟ್ಟಿದರೆ ಹೊರಗಿನ ಧೂಳನ್ನು ಅದೇ ಒಳಗೆ ಇಳಿಸುತ್ತದೆ.

ಹಳೆಯ ಮನೆಗಳ ಬಚ್ಚಲ ಮೇಲೆ ಗಾರೆ ಹಾಕಿ ಕಟ್ಟಿದ ಚೌಕದ ತೊಟ್ಟಿಗಳಿರುತ್ತವೆ. ಅವಕ್ಕೆ ಅಂಗಡಿಯ ಮುಚ್ಚಳ ಹೊಂದುವುದಿಲ್ಲ. ಹಲವರು ಪ್ಲೈವುಡ್ ಹಲಗೆ ಹೊದಿಸುತ್ತಾರೆ. ಕೆಳಗಿನ ಆವಿಗೆ ಅದು ಪದರು ಬಿಟ್ಟು ಬೂಷ್ಟು ಹಿಡಿದು ನೀರಿಗೇ ಉದುರುತ್ತದೆ. ಕಬ್ಬಿಣದ ತಗಡು ತುಕ್ಕಾಗಿ ಚಕ್ಕೆ ಏಳುತ್ತದೆ. ಅಲ್ಯುಮಿನಿಯಂ ತಗಡನ್ನು ತೊಟ್ಟಿಗಿಂತ ತುಸು ದೊಡ್ಡದಾಗಿ ಕತ್ತರಿಸಿ, ನಾಲ್ಕೂ ಅಂಚನ್ನು ಎರಡು ಇಂಚು ಕೆಳಕ್ಕೆ ಮಡಚಿಸಿ, ಗೋಡೆಯ ಅಂಚಿಗೆ ಕೂರುವಲ್ಲಿ ರಬ್ಬರ್ ಬೀಡಿಂಗ್ ಅಂಟಿಸುವುದು ನನ್ನ ಮಟ್ಟಿಗೆ ಅತ್ಯುತ್ತಮ ಉಪಾಯ. ಎರಡು ತುಂಡಾಗಿ ಮಾಡಿಸಿದರೆ ಫ್ಲೋಟ್ ವಾಲ್ವ್ ಇರುವ ಕಡೆಯದನ್ನು ಮಾತ್ರ ಎತ್ತಿ ನೋಡಬಹುದು. ಗ್ಯಾರೇಜಿನ ತಗಡು ಕೆಲಸದವರು ಒಂದು ಮಧ್ಯಾಹ್ನದಲ್ಲಿ ಮಾಡಿಕೊಡುವ ಕೆಲಸ ಇದು. ಕಾಂಕ್ರೀಟು ಚಾವಣಿಯೇ ಇರುವ ತೊಟ್ಟಿಯಾದರೆ ಟಾರ್ಚು ಹಿಡಿದು ಚಾವಣಿಯ ಒಳಮೈ ನೋಡಿ. ಸದಾ ತೇವದಲ್ಲಿರುವ ಕಂಬಿ ತುಕ್ಕು ಹಿಡಿದು ಉಬ್ಬಿ ಗಾರೆ ಕಳಚಿ ಬೀಳುವುದು ಅಲ್ಲಿಯೇ.

ಬಾಯೊಂದೇ ಅಲ್ಲ

ಮುಚ್ಚಳ ಭದ್ರವಾಯಿತು ಎಂದುಕೊಂಡ ಮೇಲೂ ಎರಡು ದಾರಿ ತೆರೆದಿರುತ್ತವೆ. ಒಂದು ಓವರ್‌ಫ್ಲೋ ಪೈಪು, ಇನ್ನೊಂದು ಗಾಳಿ ಪೈಪು. ಗಾಳಿ ಪೈಪನ್ನು ಪೂರ್ತಿ ಮುಚ್ಚುವಂತಿಲ್ಲ. ನೀರು ಇಳಿದಾಗ ಒಳಗೆ ಗಾಳಿ ಹೋಗಬೇಕು, ಏರಿದಾಗ ಹೊರಬರಬೇಕು. ಅದರ ತುದಿ ಕೆಳಮುಖವಾಗುವಂತೆ ಎಲ್ಬೋ ಹಾಕಿ ಜಾಲರಿ ಕಟ್ಟಬೇಕು. ಓವರ್‌ಫ್ಲೋ ಪೈಪಿನ ತುದಿಗೂ ಅಷ್ಟೆ. ಜಾಲರಿಯ ಕಣ್ಣು ಒಂದು ಮಿಲಿಮೀಟರಿನಷ್ಟು ಸಣ್ಣದಿರಬೇಕು. ಕಿಟಕಿಗೆ ಹಾಕುವ ಸ್ಟೀಲಿನ ಸೊಳ್ಳೆ ಜಾಲರಿ ಸರಿಹೋಗುತ್ತದೆ. ನೈಲಾನ್ ಬಟ್ಟೆಯದನ್ನು ಇಲಿ, ಅಳಿಲು ಕಡಿದುಹಾಕುತ್ತವೆ. ಸ್ಟೀಲಿನ ಕ್ಲಾಂಪಿನಿಂದ ಬಿಗಿಯಿರಿ, ದಾರದಿಂದಲ್ಲ.

ಓವರ್‌ಫ್ಲೋ ಪೈಪು ಒಳಬರುವ ಪೈಪಿಗಿಂತ ದಪ್ಪಗಿರಲಿ, ಒಳಬರುವ ಪೈಪಿನ ಬಾಯಿ ಅದಕ್ಕಿಂತ ಮೇಲಿರಲಿ. ಹೊರತುದಿಯನ್ನು ಜನ ಓಡಾಡುವ, ಕಣ್ಣಿಗೆ ಬೀಳುವ ಜಾಗಕ್ಕೆ ತನ್ನಿ. ಫ್ಲೋಟ್ ವಾಲ್ವ್ ಕೆಟ್ಟ ದಿನ ಅಲ್ಲಿಂದ ತೊಟ್ಟಿಕ್ಕುವ ನೀರೇ ಮೊದಲ ಸೂಚನೆ. ಒಳಚರಂಡಿಯ ಪೈಪಿಗೆ ಅದನ್ನು ನೇರವಾಗಿ ಜೋಡಿಸಬೇಡಿ. ಅಲ್ಲಿನ ದುರ್ಗಾಳಿಯೂ ಜಿರಳೆಯೂ ಅದೇ ದಾರಿಯಲ್ಲಿ ಮೇಲೆ ಬರುತ್ತವೆ.

ಹಂಚಿನ ಮನೆಯ ಅಟ್ಟ

ಕರಾವಳಿ, ಮಲೆನಾಡಿನ ಹಂಚಿನ ಮನೆಗಳಿಗೆ ನಲ್ಲಿ ಬಂದಾಗ ಟ್ಯಾಂಕಿಗೆ ಸಿಕ್ಕ ಜಾಗ ಅಟ್ಟ. ಬಿಸಿಲು ನೇರ ಬೀಳದ ಕಾರಣ ಅಲ್ಲಿ ನೀರು ತಂಪಾಗಿರುತ್ತದೆ, ಪಾಚಿ ಕಡಿಮೆ. ಅಷ್ಟರಿಂದಲೇ ಅಟ್ಟ ಸುರಕ್ಷಿತ ಎನ್ನಲಾಗದು. ಹಂಚಿನ ಸಂದಿಯಿಂದ ಧೂಳು ಇಳಿಯುತ್ತದೆ. ಜಂತಿ, ಪಕಾಸಿಗಳನ್ನು ಕೊರೆಯುವ ಹುಳುವಿನ ಹಿಟ್ಟು ದಿನವೂ ಉದುರುತ್ತದೆ. ಒಲೆಯ ಹೊಗೆ ಏರುವ ಮನೆಯಾದರೆ ಇಲ್ಲಣದ ಎಳೆಗಳು ಜೋಲುತ್ತವೆ. ಹಲ್ಲಿಯೂ ಬಾವಲಿಯೂ ಅಲ್ಲೇ ಇರುತ್ತವೆ. ಇಲಿಯ ಮೂತ್ರ ಬಿದ್ದ ನೀರಿನಿಂದ ಇಲಿಜ್ವರ ಬರಬಹುದೆಂಬುದನ್ನು ಕರಾವಳಿಯ ವೈದ್ಯರು ಪ್ರತಿ ಮಳೆಗಾಲವೂ ಹೇಳುತ್ತಾರೆ. ರಬ್ಬರ್ ತೋಟಗಳ ಆಸುಪಾಸಿನಲ್ಲಿ ಮಳೆ ಹಿಡಿಯುವ ಮುಂಚೆ ಕಪ್ಪು ಹುಳುಗಳು ಸಾವಿರಗಟ್ಟಲೆ ಅಟ್ಟಕ್ಕೆ ನುಗ್ಗಿ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತವೆ. ಮೈಗೆ ತಾಗಿದರೆ ಉರಿಯುವ ದ್ರವವನ್ನು ಬಿಡುವ ಆ ಹುಳುಗಳಿಗೆ ತೆರೆದ ಟ್ಯಾಂಕು ಸಿಕ್ಕರೆ ನೀರು ಮೂಸಲಿಕ್ಕೂ ಆಗದು. ಇಂಥ ಅಟ್ಟದಲ್ಲಿ ಮುಚ್ಚಳದ ಮೇಲೂ ಒಂದು ಹಳೆಯ ಟಾರ್ಪಲ್ ಇಳಿಬಿಟ್ಟು, ತಿಂಗಳಿಗೊಮ್ಮೆ ಅದನ್ನು ಹೊರತಂದು ಕೊಡವಿ ಹೊದಿಸುವುದು ಒಳ್ಳೆಯದು.

ಅದಕ್ಕೂ ಮುಂಚೆ ಭಾರದ ಲೆಕ್ಕ ನೋಡಬೇಕು. ಸಾವಿರ ಲೀಟರು ನೀರು ಎಂದರೆ ಒಂದು ಟನ್. ಐನೂರು ಲೀಟರಿನ ಟ್ಯಾಂಕು ತುಂಬಿದರೆ ಅರ್ಧ ಟನ್ನಿಗೂ ಮಿಕ್ಕಿದ ಭಾರ ಒಂದೇ ಜಾಗದಲ್ಲಿ ಕೂರುತ್ತದೆ. ತೆಂಗಿನಕಾಯಿ, ಸೌತೆಕಾಯಿ, ಹಳೆಯ ಪಾತ್ರೆಗಳಿಗೆಂದು ಹಾಕಿದ ಹಲಗೆಯ ಅಟ್ಟ ಅದನ್ನು ಹೊರುವಂಥದ್ದಲ್ಲ. ಎರಡು ಗೋಡೆ ಕೂಡುವ ಮೂಲೆಯ ಮೇಲೆ, ಭಾರ ನೇರ ಗೋಡೆಗೆ ಇಳಿಯುವಂತೆ ಇಡಬೇಕು. ಅನುಮಾನವಿದ್ದರೆ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ. ಪ್ಲಾಸ್ಟಿಕ್ ಟ್ಯಾಂಕಿನ ತಳ ಪೂರ್ತಿಯಾಗಿ ಸಮತಟ್ಟಿನ ಮೇಲೆ ಕೂತಿರಬೇಕು. ಎರಡು ತೊಲೆಗಳ ಮೇಲೆ ನಿಲ್ಲಿಸಿದರೆ ನಡುವೆ ಜೋತು, ಹೊರಹೋಗುವ ಪೈಪಿನ ಬುಡದಲ್ಲಿ ಬಿರುಕು ಬಿಡುತ್ತದೆ. ದಪ್ಪ ಕಲ್ಲುಚಪ್ಪಡಿ ಹಾಸಿದರೆ ಚಪ್ಪಡಿಯ ಭಾರವನ್ನೂ ಲೆಕ್ಕಕ್ಕೆ ಸೇರಿಸಿ. ಕೆಳಗೊಂದು ತಗಡಿನ ಟ್ರೇ ಇಟ್ಟು ಅದರ ನೀರು ಹೊರಹೋಗಲು ಸಣ್ಣ ಪೈಪು ಕೊಟ್ಟರೆ, ಸೋರಿಕೆ ಆದ ದಿನ ಮಲಗುವ ಕೋಣೆಯ ಮುಚ್ಚಿಗೆ ಉಳಿಯುತ್ತದೆ. ಟ್ಯಾಂಕಿನ ಮೇಲೆ ಮುಚ್ಚಳ ಎತ್ತಿ ತಲೆ ಬಗ್ಗಿಸಿ ನೋಡುವಷ್ಟು, ಕೊನೇಪಕ್ಷ ಒಂದೂವರೆ ಎರಡು ಅಡಿ ಜಾಗ ಬಿಡಿ. ಈ ಜಾಗ ಬಿಡದ ಅಟ್ಟಗಳಲ್ಲಿ ಟ್ಯಾಂಕು ಇಟ್ಟ ದಿನದಿಂದ ಇಂದಿನವರೆಗೆ ಒಮ್ಮೆಯೂ ತೊಳೆದಿರುವುದಿಲ್ಲ.

ಸೊಳ್ಳೆಯ ಲೆಕ್ಕ

ಡೆಂಗಿ, ಚಿಕೂನ್‌ಗುನ್ಯ ಹರಡುವ ಈಡಿಸ್ ಈಜಿಪ್ಟೈ ಸೊಳ್ಳೆ ಚರಂಡಿಯ ಕೊಳಕು ನೀರನ್ನು ಹುಡುಕಿಕೊಂಡು ಹೋಗುವುದಿಲ್ಲ. ಮನೆಯೊಳಗಿನ, ಮನೆಯ ಸುತ್ತಲಿನ ತಿಳಿನೀರೇ ಅದಕ್ಕೆ ಬೇಕು. ಮೊಟ್ಟೆ ಇಡುವುದು ನೀರಿನ ಮೇಲಲ್ಲ, ನೀರಿನ ಮಟ್ಟಕ್ಕಿಂತ ತುಸು ಮೇಲಿನ ಒದ್ದೆ ಗೋಡೆಗೆ. ನೀರು ಇಳಿದು ಗೋಡೆ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಮತ್ತೆ ನೀರು ಏರಿ ತಾಗಿದಾಗ ಮರಿಯಾಗುತ್ತದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಏಳರಿಂದ ಹತ್ತು ದಿನ ಸಾಕು. ಟ್ಯಾಂಕನ್ನು ಖಾಲಿ ಮಾಡಿ ಮತ್ತೆ ತುಂಬಿಸಿದ ಮಾತ್ರಕ್ಕೆ ಕೆಲಸ ಆಗದು ಎನ್ನುವುದು ಇದಕ್ಕೇ. ಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ ಮೊಟ್ಟೆ ಕೀಳಬೇಕು. ಡ್ರಮ್ಮು, ಬಾನಿಗಳನ್ನು ವಾರಕ್ಕೊಮ್ಮೆ ಉಜ್ಜಬೇಕು. ದೊಡ್ಡ ಟ್ಯಾಂಕನ್ನು ವಾರವಾರ ಖಾಲಿ ಮಾಡುವುದು ಆಗದ ಮಾತು. ಅಲ್ಲಿ ಮುಚ್ಚಳ, ಜಾಲರಿ ಬಿಟ್ಟರೆ ಬೇರೆ ದಾರಿಯಿಲ್ಲ.

2024ರ ಮಳೆಗಾಲದಲ್ಲಿ ಡೆಂಗಿ ತೀವ್ರವಾದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಆಶಾ ಕಾರ್ಯಕರ್ತೆಯರು ಲಾರ್ವಾ ಸಮೀಕ್ಷೆಗೆ ಬಂದಾಗ ಸಂಪು, ಡ್ರಮ್ಮು ತೋರಿಸಿ ಕಳಿಸುತ್ತೇವೆ. ಅಟ್ಟದ ಟ್ಯಾಂಕಿಗೆ ಏಣಿ ಹಾಕುವವರು ಕಡಿಮೆ. ದಯವಿಟ್ಟು ಅದನ್ನೂ ತೋರಿಸಿ. ಟಾರ್ಚಿನ ಬೆಳಕು ಬಿಟ್ಟಾಗ ಮೇಲಿನಿಂದ ಕೆಳಕ್ಕೆ ಕೊಂಕುತ್ತ ಓಡುವ ಹುಳು ಕಂಡರೆ ಅದು ಲಾರ್ವಾ.

ಬಿಸಿಲು

ತಾರಸಿಯ ಟ್ಯಾಂಕಿನ ಕಷ್ಟ ಬೇರೆ. ರಾಯಚೂರು, ಕಲಬುರಗಿ, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ನಲ್ಲಿಯಲ್ಲಿ ಬರುವ ನೀರು ಮೈಮೇಲೆ ಸುರಿದುಕೊಳ್ಳಲಾಗದಷ್ಟು ಸುಡುತ್ತದೆ. ಬಿಸಿ ನೀರಿನಲ್ಲಿ ಕ್ಲೋರಿನ್ ಬೇಗ ಆರಿಹೋಗುತ್ತದೆ, ಗೋಡೆಗೆ ಲೋಳೆ ಬೇಗ ಕಟ್ಟುತ್ತದೆ. ತೆಂಗಿನ ಗರಿಯ ಚಪ್ಪರವೋ ಶೇಡ್ ನೆಟ್ಟೋ ಟ್ಯಾಂಕಿಗೆ ಅಂಟದಂತೆ, ನಡುವೆ ಗಾಳಿಯಾಡುವಂತೆ ಹಾಕಿದರೆ ಬಹಳ ವ್ಯತ್ಯಾಸ ಬೀಳುತ್ತದೆ. ಹೊರಮೈಗೆ ಬಿಳಿ ಬಣ್ಣ ಬಳಿಯುವುದೂ ಉಪಯೋಗಕ್ಕೆ ಬರುತ್ತದೆ. ಬೆಳಕು ಒಳಗೆ ತೂರಬಾರದು. ಹಗಲಲ್ಲಿ ಮುಚ್ಚಳವನ್ನು ತುಸುವೇ ಸರಿಸಿ ಟ್ಯಾಂಕಿನೊಳಗೆ ಇಣುಕಿದಾಗ ಗೋಡೆ ನಸುಬೆಳಗಾಗಿ ಕಂಡರೆ ಅಂಥದ್ದರಲ್ಲಿ ಪಾಚಿ ಖಂಡಿತ. ಮೂರು ಪದರದ ಟ್ಯಾಂಕುಗಳಲ್ಲಿ ನಡುವೆ ಕಪ್ಪು ಪದರ ಇರುವುದು ಬೆಳಕು ತಡೆಯಲಿಕ್ಕೆ, ಒಳಗೆ ಬಿಳಿ ಇರುವುದು ಕೊಳೆ ಕಾಣಲಿಕ್ಕೆ. ಹೊಸದು ಕೊಳ್ಳುವಾಗ ಐಎಸ್ 12701 ಎಂಬ ಸಂಖ್ಯೆ, ಐಎಸ್‌ಐ ಗುರುತು ಎರಡನ್ನೂ ನೋಡಿ ಕೊಳ್ಳಿ.

ತೊಳೆಯುವ ದಿನ

ವರ್ಷಕ್ಕೆ ಎರಡು ಬಾರಿ ತೊಳೆಯಬೇಕು. ಮುಂಗಾರು ಹಿಡಿಯುವ ಮುಂಚೆ ಮೇ ತಿಂಗಳಲ್ಲಿ ಒಮ್ಮೆ, ದೀಪಾವಳಿಯ ಸುಮಾರಿಗೆ ಮತ್ತೊಮ್ಮೆ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗುವ ಮನೆಗಳಲ್ಲಿ ಟ್ಯಾಂಕನ್ನೂ ಅದೇ ವಾರ ಸೇರಿಸಿಕೊಂಡರೆ ಮರೆಯುವುದಿಲ್ಲ. ಟ್ಯಾಂಕರ್ ನೀರನ್ನೇ ನೆಚ್ಚಿದವರು ಮೂರು ತಿಂಗಳಿಗೊಮ್ಮೆ ತೊಳೆಯುವುದು ಲೇಸು. ಸಂಪು ಮೊದಲು, ಮೇಲಿನ ಟ್ಯಾಂಕು ನಂತರ. ಸಂಪಿನ ಕೆಸರು ಮೇಲೇರುತ್ತಲೇ ಇದ್ದರೆ ಮೇಲೆ ಉಜ್ಜಿ ಫಲವಿಲ್ಲ.

ಹಿಂದಿನ ಸಂಜೆಯೇ ಮೋಟಾರು ಹಾಕುವುದನ್ನು ನಿಲ್ಲಿಸಿ. ಇದ್ದ ನೀರನ್ನು ಬಟ್ಟೆ, ಅಂಗಳಕ್ಕೆ ಬಳಸಿಬಿಟ್ಟರೆ ನೀರೂ ದಂಡವಾಗುವುದಿಲ್ಲ, ಕೆಲಸವೂ ಹಗುರ. ತಳದಲ್ಲಿ ಉಳಿಯುವ ನಾಲ್ಕು ಬೆರಳು ನೀರನ್ನು ನಲ್ಲಿಗೆ ಬಿಡಬೇಡಿ, ಕೆಸರೆಲ್ಲ ಪೈಪಿಗೆ ಇಳಿಯುತ್ತದೆ. ತಾರಸಿಯಾದರೆ ತಳದ ಎಂಡ್ ಕ್ಯಾಪ್ ಬಿಚ್ಚಿ ಹರಿಸಬಹುದು. ಅಟ್ಟದಲ್ಲಿ ಹಾಗೆ ಮಾಡಿದರೆ ಮನೆಯೊಳಗೆ ನೀರು. ಅಲ್ಲಿ ಉದ್ದನೆಯ ಹೋಸು ಪೈಪಿಗೆ ನೀರು ತುಂಬಿ, ಎರಡೂ ತುದಿಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಒಂದನ್ನು ಟ್ಯಾಂಕಿನ ತಳಕ್ಕೂ ಇನ್ನೊಂದನ್ನು ಕೆಳಗೆ ಬಚ್ಚಲಿಗೂ ಬಿಟ್ಟರೆ ನೀರು ತಾನೇ ಎಳೆದುಕೊಂಡು ಇಳಿಯುತ್ತದೆ. ಉಳಿದ ಕೆಸರನ್ನು ಬಟ್ಟೆಯಿಂದ ಒತ್ತಿ ಬಕೆಟ್ಟಿಗೆ ಹಿಂಡಿ.

ನೈಲಾನ್ ಬ್ರಷ್ಷು, ನೀರು, ತೋಳಿನ ಬಲ, ಇಷ್ಟೇ ಸಾಕು. ತಂತಿ ಬ್ರಷ್ಷು ಬೇಡ. ಅದು ಮಾಡಿದ ಗೀರುಗಳಲ್ಲಿ ಲೋಳೆ ಮತ್ತೆ ಬೇರೂರುತ್ತದೆ. ಬಟ್ಟೆ ಸೋಪಿನ ಪುಡಿಯೂ ಬೇಡ, ಎಷ್ಟು ತೊಳೆದರೂ ಅದರ ನೊರೆ ಹೋಗದು. ಟ್ಯಾಂಕಿಗೆಂದೇ ಒಂದು ಬ್ರಷ್ಷು ಎತ್ತಿಟ್ಟುಕೊಳ್ಳಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯಂತೆ ಗಡಸು ನೀರಿನ ಊರಾದರೆ ಗೋಡೆಗೆ ಬಿಳಿ ಸುಣ್ಣದ ಪದರ ಕಟ್ಟಿರುತ್ತದೆ. ಅಂಗಡಿಯ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಅದು ಮೆತ್ತಗಾಗುತ್ತದೆ. ಅದನ್ನು ಪೂರ್ತಿ ತೊಳೆದು ಹೊರಹಾಕಿದ ಮೇಲಷ್ಟೇ ಕ್ಲೋರಿನ್ ಮುಟ್ಟಿ. ಹುಳಿ ಮತ್ತು ಬ್ಲೀಚಿಂಗ್ ಪೌಡರ್ ಸೇರಿದರೆ ವಿಷಾನಿಲ ಏಳುತ್ತದೆ. ಗಾಳಿಯಾಡದ ಅಟ್ಟದಲ್ಲಿ ಅದು ಪ್ರಾಣಕ್ಕೇ ಬರಬಹುದು. ಟಾಯ್ಲೆಟ್ ತೊಳೆಯುವ ಆಸಿಡ್ ಅಂತೂ ಟ್ಯಾಂಕಿನ ಹತ್ತಿರವೂ ಸುಳಿಯಬಾರದು.

ಉಜ್ಜಿದ ಮೇಲೆ ಸೋಂಕು ತೆಗೆಯುವ ಹಂತ. ಕುಡಿಯುವ ನೀರಿನ ಫಿಲ್ಟರು, ವಾಷಿಂಗ್ ಮೆಷಿನ್, ಗೀಸರು, ಸೋಲಾರಿಗೆ ಹೋಗುವ ವಾಲ್ವುಗಳನ್ನು ಮುಚ್ಚಿ. ಗಾಢ ಕ್ಲೋರಿನ್ ಹಾಯ್ದರೆ ಆರ್‌ಓ ಫಿಲ್ಟರಿನ ಪೊರೆ ಹಾಳು. ಟ್ಯಾಂಕಿಗೆ ನೀರು ತುಂಬಿಸಿ, ಸಾವಿರ ಲೀಟರಿಗೆ 5 ಶೇಕಡಾ ಬಲದ, ಸುವಾಸನೆ ಬೆರೆಸದ ಸೋಡಿಯಂ ಹೈಪೋಕ್ಲೋರೈಟ್ ಒಂದು ಲೀಟರು ಹಾಕಿದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ಐನೂರು ಲೀಟರಿನ ಟ್ಯಾಂಕಿಗೆ ಅರ್ಧ ಲೀಟರು. ಬ್ಲೀಚಿಂಗ್ ಪೌಡರ್ ಆದರೆ 30 ಶೇಕಡಾ ಕ್ಲೋರಿನ್ ಇರುವ ತಾಜಾ ಪುಡಿ ಐನೂರು ಲೀಟರಿಗೆ ಸುಮಾರು 80 ಗ್ರಾಂ ಬೇಕು. ಪುಡಿಯನ್ನು ನೇರ ಸುರಿಯಬಾರದು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಹಾಕಿ. ಪ್ಯಾಕೆಟ್ಟು ಒಡೆದು ತಿಂಗಳುಗಳಾದ ಪುಡಿಯಲ್ಲಿ ಬಲವೇ ಉಳಿದಿರುವುದಿಲ್ಲ. ಕೈಗವಸು ಹಾಕಿಕೊಳ್ಳಿ, ಅಟ್ಟದಲ್ಲಾದರೆ ಎರಡು ಹಂಚು ಸರಿಸಿ ಗಾಳಿ ಬಿಡಿ.

ಮನೆಯ ಪ್ರತಿ ನಲ್ಲಿಯನ್ನೂ ಕ್ಲೋರಿನ್ ವಾಸನೆ ಬರುವ ತನಕ ತೆರೆದು ಮುಚ್ಚಿ. ಪೈಪಿನೊಳಗಿನ ಲೋಳೆಗೂ ಮದ್ದು ತಾಗಬೇಕು. ಕಡಿಮೆಯೆಂದರೆ ನಾಲ್ಕು ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ಬಿಡಿ. ಅಷ್ಟು ಹೊತ್ತು ಆ ನೀರನ್ನು ಯಾರೂ ಬಳಸಕೂಡದು, ಮಕ್ಕಳಿಗೂ ಹೇಳಿರಿ. ಆಮೇಲೆ ಖಾಲಿ ಮಾಡಿ, ಒಮ್ಮೆ ಹೊಸ ನೀರು ತುಂಬಿಸಿ ಅದನ್ನೂ ಹರಿಸಿ. ಈ ಕ್ಲೋರಿನ್ ನೀರು ಗಿಡಗಳಿಗೂ ಮೀನಿನ ತೊಟ್ಟಿಗೂ ಬೇಡ. ಸೆಪ್ಟಿಕ್ ಟ್ಯಾಂಕಿಗೂ ಬಿಡಬೇಡಿ. ಅಲ್ಲಿ ಮಲ ಕೊಳೆಸುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ.

ದಿನಬಳಕೆಯ ನೀರಿಗೆ ಬೇಕಾದ ಪ್ರಮಾಣ ಇದಕ್ಕಿಂತ ಬಹಳ ಸಣ್ಣದು. ಸಾವಿರ ಲೀಟರು ತಿಳಿನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್, ಬಳಸುವ ಮುಂಚೆ ಒಂದು ಗಂಟೆ ಕಾಯುವುದು. ಟ್ಯಾಂಕರ್ ನೀರು, ತೆರೆದ ಬಾವಿ ನೀರು ತುಂಬಿಸುವವರಿಗೆ ಇದು ಉಪಯುಕ್ತ. ಕರಾವಳಿಯ ಕೆಲವು ಕೊಳವೆಬಾವಿಗಳಂತೆ ಕಬ್ಬಿಣದ ಅಂಶ ಹೆಚ್ಚಿದ್ದರೆ ಕ್ಲೋರಿನ್ ಬಿದ್ದೊಡನೆ ನೀರು ಕೆಂಪಾಗುತ್ತದೆ. ಗಾಬರಿ ಬೇಡ, ಕರಗಿದ್ದ ಕಬ್ಬಿಣ ಹೊರಬಿದ್ದು ತಳಕ್ಕೆ ಇಳಿಯುತ್ತಿದೆ ಎಂದಷ್ಟೇ ಅರ್ಥ. ಅಂಥವರು ತಳ ತೊಳೆಯುವ ಕೆಲಸವನ್ನು ಇನ್ನೂ ಬೇಗ ಬೇಗ ಮಾಡಬೇಕು.

ನೀರು ಸರಿಯಿದೆಯೇ ಎಂದು ತಿಳಿಯಲು ಹಳ್ಳಿಗಳಲ್ಲಿ ಈಗ ದೂರ ಹೋಗಬೇಕಿಲ್ಲ. ಜಲಜೀವನ ಮಿಷನ್ನಿನಡಿ ಗ್ರಾಮ ಪಂಚಾಯ್ತಿಗಳಿಗೆ ಪರೀಕ್ಷಾ ಕಿಟ್ಟು ಕೊಟ್ಟಿದ್ದಾರೆ, ಊರಿನ ಮಹಿಳೆಯರಿಗೆ ತರಬೇತಿಯೂ ಆಗಿದೆ. ಕಿಟ್ಟಿನ ಸೀಸೆಯೊಳಗೆ ತುಂಬಿಟ್ಟ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಅದರಲ್ಲಿ ಮಲದಿಂದ ಬಂದ ಬ್ಯಾಕ್ಟೀರಿಯಾ ಇರುವ ಸೂಚನೆ. ನಲ್ಲಿಯ ನೀರನ್ನೂ ಟ್ಯಾಂಕಿನ ನೀರನ್ನೂ ಬೇರೆಬೇರೆ ಸೀಸೆಯಲ್ಲಿ ಕೊಡಿ. ನಲ್ಲಿಯದು ತಿಳಿಯಾಗಿದ್ದು ಟ್ಯಾಂಕಿನದು ಕಪ್ಪಾದರೆ ದೋಷ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ.

ಇಂಗ್ಲೆಂಡಿಗೆ ಹೋದವರಿಗೆ ಒಂದು ಮಾತು

ಓದಿಗೋ ಕೆಲಸಕ್ಕೋ ಬ್ರಿಟನ್ನಿಗೆ ಹೋಗಿ ಹಳೆಯ ಮನೆಯಲ್ಲಿ ಬಾಡಿಗೆಗಿರುವ ಕನ್ನಡಿಗರೂ ತಲೆಯ ಮೇಲೆ ನೋಡಿಕೊಳ್ಳಬೇಕು. ಅಲ್ಲಿನ ಹಳೆಯ ಮನೆಗಳ ಮಾಡಿನ ಕೆಳಗೆ, ಲಾಫ್ಟಿನಲ್ಲಿ, ತಣ್ಣೀರಿನ ಟ್ಯಾಂಕು ಇರುತ್ತದೆ. ಅಡುಗೆಮನೆಯ ನಲ್ಲಿಗೆ ನೀರು ನೇರ ಬೀದಿಯಿಂದ ಬರುತ್ತದೆ. ಬಚ್ಚಲ ನಲ್ಲಿಗೆ ಹೆಚ್ಚಾಗಿ ಈ ಟ್ಯಾಂಕಿನಿಂದ. ಅದಕ್ಕೇ ಬಚ್ಚಲ ನಲ್ಲಿಯ ನೀರು ಕುಡಿಯಬೇಡಿ ಎನ್ನುತ್ತಾರೆ. ಬಿಗಿಯಾದ ಮುಚ್ಚಳ, ಜಾಲರಿಯಿರುವ ಗಾಳಿಕಿಂಡಿ, ಜಾಲರಿಯಿರುವ ಓವರ್‌ಫ್ಲೋ, ಹೊದಿಕೆ ಇವೆಲ್ಲ ಸೇರಿದ ಸಾಮಾನನ್ನು ಅಲ್ಲಿ ‘ಬೈಲಾ 30’ ಕಿಟ್ ಎಂದೇ ಮಾರುತ್ತಾರೆ. ಚಳಿಗೆ ನೀರು ಹೆಪ್ಪುಗಟ್ಟದಿರಲು ಟ್ಯಾಂಕಿನ ಮೇಲೆ, ಸುತ್ತ ಹೊದಿಕೆ ಸುತ್ತುತ್ತಾರೆ. ತಳಕ್ಕೆ ಮಾತ್ರ ಹಾಕುವುದಿಲ್ಲ, ಕೆಳಗಿನ ಕೋಣೆಯ ಬಿಸಿ ಏರಿ ಬರಲಿ ಎಂದು. ಮನೆ ಮಾಲೀಕರನ್ನು ಕೇಳಿ, ಒಮ್ಮೆ ಏಣಿ ಹತ್ತಿ ನೋಡಿ.

ಇಳಿಯುವವರ ಜೀವ

ಕೊನೆಯ ಮಾತು ಎಲ್ಲಕ್ಕಿಂತ ದೊಡ್ಡದು. ಅಟ್ಟದ ಟ್ಯಾಂಕನ್ನು ಹೊರಗೆ ನಿಂತೇ ಉದ್ದ ಹಿಡಿಯ ಬ್ರಷ್ಷಿನಿಂದ ತೊಳೆಯಬಹುದು. ಸಂಪಿಗೆ ಮನುಷ್ಯ ಇಳಿಯಬೇಕಾಗುತ್ತದೆ. ಬಹುದಿನ ಮುಚ್ಚಿದ ಸಂಪಿನಲ್ಲಿ, ಹೊಸದಾಗಿ ಕಟ್ಟಿ ಸೆಂಟ್ರಿಂಗ್ ಮರ ಒಳಗೇ ಉಳಿದ ಸಂಪಿನಲ್ಲಿ ಉಸಿರಾಡುವಷ್ಟು ಗಾಳಿ ಇರುವುದಿಲ್ಲ. ಇಳಿದವರು ಕುಸಿದು, ಅವರನ್ನು ಎತ್ತಲು ಇಳಿದವರೂ ಕುಸಿದ ಸುದ್ದಿಗಳು ನಮ್ಮ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿವೆ. ಇಳಿಯುವ ಮುಂಚೆ ಎಲ್ಲ ಮುಚ್ಚಳ ತೆರೆದು ಗಂಟೆಗಟ್ಟಲೆ ಗಾಳಿಯಾಡಲು ಬಿಡಿ, ಫ್ಯಾನಿನಿಂದ ಗಾಳಿ ಒಳಗೆ ಊದಿಸಿ. ಮೋಟಾರಿನ ಸ್ವಿಚ್ಚು ಆಫ್ ಮಾಡಿದರೆ ಸಾಲದು, ಫ್ಯೂಸೇ ಕೀಳಿ. ಪೆಟ್ರೋಲ್, ಡೀಸೆಲ್ ಪಂಪನ್ನು ಒಳಗೆ ಇಳಿಸಲೇಬೇಡಿ. ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ಕೊನೆಯವರೆಗೂ ನಿಂತಿರಿ, ಮಾತಾಡಿಸುತ್ತಿರಿ. ಬ್ಲೀಚಿಂಗ್ ಪೌಡರ್ ಕೆಲಸವನ್ನು ಅವರು ಮೇಲೆ ಬಂದ ನಂತರವೇ ಮಾಡಿ. ಒಳಗಿದ್ದವರು ಉತ್ತರಿಸದಿದ್ದರೆ ಎತ್ತಲೆಂದು ಯಾರೂ ಹಿಂದೆಯೇ ಹಾರಬೇಡಿ. ಹಗ್ಗದಿಂದ ಎಳೆಯಿರಿ, ಊದುವ ಫ್ಯಾನು ನಿಲ್ಲಿಸಬೇಡಿ, 112ಕ್ಕೆ ಕರೆ ಮಾಡಿ.